ನಾಲ್ಕನೆಯ ಸಾಕ್ಷಿ

ತುಮಕೂರಿನ ಮಂಡಿಪೇಟೆಯಲ್ಲಿ ಲಿಂಗರಾಜು ಮ್ಯಾಚಿಂಗ್ ಸೆಂಟರ್ ತೆರೆದು ಮೂವತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನು ಕೊಟ್ಟ ಬ್ಲೌಸ್ ಪೀಸನ್ನು ಬಣ್ಣ ಸೇರಲಿಲ್ಲವೆಂದು ಯಾರೂ ವಾಪಸು ತಂದಿರಲಿಲ್ಲ. ಅಳತೆ ಸಾಲದೆ ತಂದವರಿದ್ದರು, ಒಗೆದಾಗ ಬಣ್ಣ ಬಿಟ್ಟಿತೆಂದು ತಂದವರಿದ್ದರು, ಗಂಡನ ಮೇಲಿನ ಸಿಟ್ಟಿಗೆ ಸೀರೆ ಸಮೇತ ತಂದು ಬಿಸಾಕಿ ಹೋದವರೂ ಒಬ್ಬರಿದ್ದರು. ಬಣ್ಣ ಸೇರಲಿಲ್ಲ ಎಂಬ ಮಾತು ಮಾತ್ರ ಆ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಹಾಗಾಗಿ ಆ ಮಂಗಳವಾರ ಅನಸೂಯಮ್ಮ ಟೀಚರ್ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ಪೊಟ್ಟಣ ಇಟ್ಟಾಗ ಅವನಿಗೆ ಮೊದಲು ವಿಷಯವೇ ತಲೆಗೆ ಹೋಗಲಿಲ್ಲ.

"ಇದು ಸೇರಲ್ಲ ಲಿಂಗರಾಜು."

"ಏನು ಸೇರಲ್ಲ ಟೀಚರ್?"

"ಬಣ್ಣ ಕಣಪ್ಪ. ಸೀರೆದೊಂದು ದಾರಿ, ಬ್ಲೌಸಿಂದೊಂದು ದಾರಿ."

ಸೀರೆ ಈರುಳ್ಳಿ ಸಿಪ್ಪೆ ಬಣ್ಣದ ರೇಷ್ಮೆ. ಲಿಂಗರಾಜು ಅದರ ಅಂಚನ್ನೂ ಬ್ಲೌಸ್ ಪೀಸನ್ನೂ ಒಟ್ಟಿಗೆ ಹಿಡಿದು ರಸ್ತೆಗಿಳಿದ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಸೇರಿದ ಬಣ್ಣ ಬಿಸಿಲಿನಲ್ಲೂ ಸೇರಬೇಕೆಂಬ ನಿಯಮವಿಲ್ಲ. ಇದು ಮ್ಯಾಚಿಂಗ್ ಸೆಂಟರಿನವರಿಗೂ ಗೊತ್ತು, ಅವರ ಗಿರಾಕಿಗಳಿಗೂ ಗೊತ್ತು. ಅದಕ್ಕೇ ಮಂಡಿಪೇಟೆಗೆ ಯಾವ ಹೊತ್ತಿನಲ್ಲಿ ಹೋದರೂ ನಾಲ್ಕು ಜನ ಹೆಂಗಸರು ನಡುರಸ್ತೆಯಲ್ಲಿ ಬಟ್ಟೆ ಹಿಡಿದು ನಿಂತಿರುತ್ತಾರೆ, ಆಟೋದವರು ಗೊಣಗುತ್ತ ಅವರನ್ನು ಬಳಸಿಕೊಂಡು ಹೋಗುತ್ತಾರೆ. ಲಿಂಗರಾಜು ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ಕಣ್ಣು ಕಿರಿದು ಮಾಡಿ ನೋಡಿದ. ಎರಡೂ ಒಂದೇ. ಅಣ್ಣತಮ್ಮಂದಿರಾದರೂ ಅಷ್ಟು ಹೋಲಲಾರರು.

"ಎಲ್ಲಿ ಬೇರೆ ಐತೆ ಟೀಚರ್? ಬೆರಳಿಟ್ಟು ತೋರಿಸಿ."

ಅನಸೂಯಮ್ಮ ಬೆರಳಿಡಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸು ಒಂದು ಪದಕ್ಕಾಗಿ ತಡಕಾಡಿದ್ದನ್ನು ಅವನು ಅದೇ ಮೊದಲು ನೋಡಿದ್ದು. "ಕೆಂಪು ಜಾಸ್ತಿ ಅಂತ ಹೇಳಕ್ಕಾಗಲ್ಲ. ಹಳದಿ ಜಾಸ್ತಿ ಅಂತಲೂ ಅಲ್ಲ. ಇದು ಒಂಥರಾ, ಅದು ಇನ್ನೊಂಥರಾ. ನಿಂಗೆ ಕಾಣಲ್ವೇನಪ್ಪ?" ಎಂದು ಕೇಳಿದ ಅವರ ಮುಖದಲ್ಲಿ ದೂರಿಗಿಂತ ಗಾಬರಿಯೇ ಹೆಚ್ಚಿತ್ತು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ, ವಯಸ್ಸಾದವರ ಕಣ್ಣು, ಎಂದುಕೊಂಡು ಅವನು ದುಡ್ಡು ವಾಪಸು ಕೊಟ್ಟ. ಆದರೆ ಅದೇ ವಾರದಲ್ಲಿ ಇನ್ನೂ ಮೂವರು ಬಂದರು. ಒಬ್ಬಳು ಗಿಣಿ ಹಸಿರು ತಂದಳು, ಒಬ್ಬಳು ಇಟ್ಟಿಗೆ ಬಣ್ಣ, ಇನ್ನೊಬ್ಬಳು ಬರೀ ಫಾಲ್ ಬಟ್ಟೆ. ನಾಲ್ವರದ್ದೂ ಒಂದೇ ಮಾತು: ಸೇರಲ್ಲ. ಲಿಂಗರಾಜು ತನ್ನ ಕಪಾಟುಗಳ ಎದುರು ನಿಂತು ಆರುನೂರ ನಲವತ್ತು ಬಣ್ಣಗಳನ್ನು ಮೇಲಿನಿಂದ ಕೆಳಗೆ ನೋಡಿದ. ಕೆಂಪೊಂದರಲ್ಲೇ ಎಪ್ಪತ್ತೊಂದು ಥಾನುಗಳಿದ್ದವು, ಒಂದೊಂದರ ಹೆಸರೂ ಮಕ್ಕಳ ಹೆಸರಿನಂತೆ ಅವನ ಬಾಯಲ್ಲಿತ್ತು. ತಪ್ಪಿದ್ದು ತನ್ನ ಕಣ್ಣೋ ಊರಿನ ಕಣ್ಣೋ ಅವನಿಗೆ ತಿಳಿಯಲಿಲ್ಲ.

ಉತ್ತರ ತಾನಾಗಿಯೇ ಅಂಗಡಿಗೆ ಬಂತು. ಊರ ಹೊರಗಿನ ಕಣ್ಣಿನ ಆಸ್ಪತ್ರೆಯ ಡಾ. ಶಾಹೀನ್ ಒಂದು ಮಧ್ಯಾಹ್ನ ಹುಡುಕಿಕೊಂಡು ಬಂದರು. ಅವರ ಪರಿಚಯ ಅವನಿಗಿತ್ತು. ಹೋದ ವರ್ಷ ಅವನ ಹೆಂಡತಿ ವನಜಾಕ್ಷಿಯ ಕಣ್ಣಿಗೆ 'ಮರುನೋಟ' ಎಂಬ ಹೊಸ ಚಿಕಿತ್ಸೆ ಮಾಡಿದವರು ಅವರೇ. ಅದಕ್ಕೆ ಮುಂಚೆ ವನಜಾಕ್ಷಿಗೆ ಎದುರು ನಿಂತವರ ಕಿವಿ, ಕೂದಲು, ಹೆಗಲು ಕಾಣುತ್ತಿತ್ತು. ಮುಖವಿರಬೇಕಾದ ಜಾಗದಲ್ಲಿ ಮಾತ್ರ ಹೊಗೆ. ಕಣ್ಣಿನ ಪರದೆಯ ನಡುಭಾಗ ಸವೆದುಹೋಗುವ ಕಾಯಿಲೆ. ಡಾಕ್ಟರು ಕಣ್ಣಿನೊಳಕ್ಕೇ ಒಂದು ಸೂಜಿ ಕೊಟ್ಟು ಆರು ತಿಂಗಳಲ್ಲಿ ಆ ಹೊಗೆ ತೆಗೆದಿದ್ದರು. ಹಾಗಾಗಿ ಅವರು ಏನು ಕೇಳಿದರೂ ಇಲ್ಲವೆನ್ನುವ ಹಾಗಿರಲಿಲ್ಲ.

"ನಿಮ್ಮಂಗಡಿ ಬಗ್ಗೆ ನನ್ನ ಪೇಷೆಂಟುಗಳು ದೂರು ಹೇಳ್ತಿದಾರೆ ಲಿಂಗರಾಜು ಅವರೇ," ಎಂದು ಡಾಕ್ಟರು ನಕ್ಕರು. "ನನಗಂತೂ ಬಹಳ ಖುಷಿಯಾಯ್ತು."

ಲಿಂಗರಾಜುವಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಡಾಕ್ಟರು ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದರು. "ಕಣ್ಣಿನ ಹಿಂದಿನ ಪರದೆಯಲ್ಲಿ ಶಂಕುವಿನ ಆಕಾರದ ಸಣ್ಣ ಸಣ್ಣ ಕೋಶಗಳಿವೆ. ಮೂರು ಥರ. ಒಂದೊಂದು ಥರದ್ದು ಬೆಳಕಿನ ಒಂದೊಂದು ಭಾಗಕ್ಕೆ ಜಾಸ್ತಿ ಮಿಡಿಯುತ್ತೆ. ಆದರೆ ಯಾವ ಕೋಶಕ್ಕೂ ಬಣ್ಣ ಅಂದ್ರೆ ಏನು ಅಂತ ಗೊತ್ತಿಲ್ಲ. ನನಗಿಷ್ಟು ಬೆಳಕು ಸಿಕ್ತು ಅಂತ ಹೇಳೋದಷ್ಟೇ ಅದರ ಕೆಲಸ. ಮೂರೂ ಹೇಳಿದ್ದನ್ನ ಹೋಲಿಸಿ ನೋಡಿ ಮೆದುಳು ತೀರ್ಮಾನ ಮಾಡುತ್ತೆ, ಇದು ಈರುಳ್ಳಿ ಸಿಪ್ಪೆ ಬಣ್ಣ ಅಂತ."

"ಮೂರು ಜನ ಸಾಕ್ಷಿ, ಒಬ್ಬ ಜಡ್ಜು," ಎಂದ ಲಿಂಗರಾಜು. ಒಂದು ಸೈಟಿನ ವ್ಯಾಜ್ಯದಲ್ಲಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದವನಿಗೆ ಅದಕ್ಕಿಂತ ಹತ್ತಿರದ ಹೋಲಿಕೆ ಹೊಳೆಯಲಿಲ್ಲ.

"ಸರಿಯಾಗಿ ಹೇಳಿದ್ರಿ. ಸೀರೆಗೆ ಹಾಕಿರೋ ಬಣ್ಣ ಬೇರೆ, ಬ್ಲೌಸಿಗೆ ಹಾಕಿರೋದು ಬೇರೆ. ಎರಡರಿಂದ ಬರೋ ಬೆಳಕೂ ನಿಜವಾಗಿ ಬೇರೆ ಬೇರೆ. ಆದರೆ ಮೂರು ಸಾಕ್ಷಿಗಳೂ ಎರಡಕ್ಕೂ ಒಂದೇ ಹೇಳಿಕೆ ಕೊಟ್ರೆ ಜಡ್ಜು ಏನ್ಮಾಡ್ತಾನೆ? ಎರಡೂ ಒಂದೇ ಅಂತ ಬರೆದುಬಿಡ್ತಾನೆ. ಮ್ಯಾಚಿಂಗ್ ಅಂದ್ರೆ ಅದೇ."

"ಅಂದ್ರೆ ನಾನಿಷ್ಟು ವರ್ಷ ಮಾಡಿದ್ದು ಸುಳ್ಳು ಅಂತೀರಾ ಮೇಡಂ?"

"ಸುಳ್ಳಲ್ಲ. ಮನುಷ್ಯರ ಕಣ್ಣು ಅಷ್ಟೇ ಇರೋದು. ಟಿವಿ, ಫೋಟೊ, ಮೊಬೈಲು ಎಲ್ಲವೂ ಅದೇ ಧೈರ್ಯದ ಮೇಲೆ ನಡೀತಿವೆ. ಈಗ ಏನಾಗಿದೆ ಅಂದ್ರೆ, ಸಾಯ್ತಿರೋ ಕೋಶಗಳನ್ನ ಉಳಿಸೋಕೆ ನಾವು ಬೆಳಕು ಹಿಡಿಯೋ ಒಂದು ಹೊಸ ವಸ್ತುವನ್ನ ವೈರಸ್ಸಿನ ಮೂಲಕ ಅವುಗಳೊಳಕ್ಕೆ ಕಳಿಸಿದ್ವಿ. ಅದು ಹಳೇ ಮೂರರ ಹಾಗೆ ಅಲ್ಲ, ಸ್ವಲ್ಪ ಬೇರೆ. ಹಳೇ ಮೂವರು ಅಲ್ಪಸ್ವಲ್ಪ ಉಳಿದಿದ್ರು, ಜೊತೆಗೆ ಇವನೊಬ್ಬ ಬಂದ."

"ನಾಲ್ಕನೇ ಸಾಕ್ಷಿ."

"ಹೌದು. ಆ ಸಾಕ್ಷಿ ಈಗ ನಿಮ್ಮ ಕೇಸುಗಳನ್ನೆಲ್ಲ ಬೀಳಿಸ್ತಿದಾನೆ," ಎಂದರು ಡಾಕ್ಟರು.

ಅವರಿಗೆ ಬೇಕಾದ್ದೇನೆಂದರೆ ಬಣ್ಣದ ಜೋಡಿಗಳು. ಸೂಜಿ ಕೊಟ್ಟ ಮೇಲೆ ಊತ ಇಳಿದು ಸ್ವಲ್ಪ ದಿನ ಎಲ್ಲರಿಗೂ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹೊಸ ವಸ್ತು ಪಡೆದ ಕೋಶಗಳು ನಿಜಕ್ಕೂ ಕೆಲಸ ಮಾಡುತ್ತಿವೆಯೇ ಎಂದು ತಿಳಿಯುವುದು ಇದೊಂದರಿಂದಲೇ: ಉಳಿದವರಿಗೆ ಒಂದಾಗಿ ಕಾಣುವ ಎರಡು ಬಣ್ಣ ಇವರಿಗೆ ಬೇರೆಯಾಗಿ ಕಾಣಬೇಕು. ಟಿವಿ ಪರದೆಯಲ್ಲಿ ತೋರಿಸೋಣವೆಂದರೆ ಪರದೆಯೇ ಮೂರು ಬಣ್ಣದ್ದು. ನಿಜವಾದ ಬಟ್ಟೆಯೇ ಬೇಕು, ಬೇರೆ ಬೇರೆ ಮಿಲ್ಲಿನದು, ಬಿಸಿಲಿಗೂ ಟ್ಯೂಬ್‌ಲೈಟಿಗೂ ಜಪ್ಪಯ್ಯ ಅಂದರೂ ವ್ಯತ್ಯಾಸ ತೋರದ ಜೋಡಿ. ಅಂಥದ್ದನ್ನು ಹುಡುಕಿ ಕೊಡುವ ಕಣ್ಣು ಜಿಲ್ಲೆಗೆಲ್ಲ ಒಂದೇ ಎಂದು ಪೇಷೆಂಟುಗಳೇ ಹೇಳಿದ್ದರಂತೆ. ಲಿಂಗರಾಜು ಆಗಲೇ ಐದು ಜೋಡಿ ಆರಿಸಿ ಕೊಟ್ಟ. ಡಾಕ್ಟರು ಅವನ್ನು ಯಂತ್ರದಲ್ಲಿ ಅಳೆಸಿ, ಮರುದಿನ ಫೋನು ಮಾಡಿ, ಇಂಥ ಜೋಡಿಗಳನ್ನು ತಾವು ಪುಸ್ತಕದಲ್ಲೂ ಕಂಡಿಲ್ಲವೆಂದರು. ಆ ಐದನ್ನು ಈ ಚಿಕಿತ್ಸೆಯ ಮೇಲ್ವಿಚಾರಣೆ ಮಾಡುವ ಬೆಂಗಳೂರಿನ ಕಚೇರಿಗೆ ಕಳಿಸಿದ್ದಾಯಿತು. ಪರೀಕ್ಷೆಗೆ ಇನ್ನೂ ಮೂವತ್ತು ಜೋಡಿ ಬೇಕೆಂದರು. ಕೂರುವವರು ಹನ್ನೆರಡು ಹೆಂಗಸರು, ಮೊದಲ ಹೆಸರು ವನಜಾಕ್ಷಿಯದು.

ಅದು ಕೇಳಿದ ಮೇಲೆ ಅವನು ಫೋನಿಟ್ಟು, ಎದುರಿಗಿದ್ದ ಗಿರಾಕಿಯನ್ನು ಮರೆತು ಕೂತ. ಏಕೆಂದು ಹೇಳಬೇಕಾದರೆ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ಲಿಂಗರಾಜು ಮಾತಿನಲ್ಲಿ ಪ್ರೀತಿ ತೋರಿಸುವ ಜಾತಿಯವನಲ್ಲ. ಮದುವೆಯಾದಾಗಿನಿಂದ ಹೆಂಡತಿಗೆ 'ಚೆನ್ನಾಗಿ ಕಾಣ್ತೀಯ' ಎಂದು ಬಾಯಿಬಿಟ್ಟು ಹೇಳಿದವನಲ್ಲ. ಅವನು ಮಾಡುತ್ತಿದ್ದುದು ಒಂದೇ: ಅವಳಿಗೆ ಒಂದು ಸೀರೆ ಬಂದರೆ, ಅದು ತವರಿನ ಬಾಗಿನವೇ ಇರಲಿ, ಯಾರೋ ಉಡಿ ತುಂಬಿದ್ದೇ ಇರಲಿ, ಅಂಗಡಿಗೆ ಒಯ್ದು, ಗಿರಾಕಿಗಳನ್ನು ಕಾಯಿಸಿ, ಅರ್ಧ ದಿನ ಹುಡುಕಿಯಾದರೂ ಅದಕ್ಕೊಪ್ಪುವ ಬ್ಲೌಸ್ ಪೀಸ್ ತರುತ್ತಿದ್ದ. ಮಡಿಸಿ ಅವಳ ದಿಂಬಿನ ಮೇಲಿಟ್ಟು ಸ್ನಾನಕ್ಕೆ ಹೋಗುತ್ತಿದ್ದ. ಅವಳೂ ಏನೂ ಹೇಳದೆ ಹೊಲಿಸಿ ತೊಡುತ್ತಿದ್ದಳು. ಅವರ ಸಂಸಾರ ನಡೆದದ್ದು ಹಾಗೆ.

ಈಗ ನಾಲ್ಕು ತಿಂಗಳಿಂದ ವನಜಾಕ್ಷಿ ಯಾವ ಸೀರೆಗೂ ಕಪ್ಪು ಬ್ಲೌಸು ತೊಡುತ್ತಿದ್ದಳು. ಹಸಿರಿಗೂ ಕಪ್ಪು, ನೇರಳೆಗೂ ಕಪ್ಪು. ಮ್ಯಾಚಿಂಗ್ ಸೆಂಟರಿನವನ ಹೆಂಡತಿ ಬೀದಿಯಲ್ಲಿ ಹಾಗೆ ಓಡಾಡಿದರೆ ನೋಡಿದವರು ಏನಂದಾರು?

"ಇದೇನು ವನಜ, ದಿನಾ ಕಪ್ಪು?" ಎಂದು ಅವನು ಒಂದೆರಡು ಸಲ ಕೇಳಿದ್ದ.

"ಕೊಳೆ ಕಾಣಲ್ಲ ಕಣ್ರೀ," ಎಂದು ಅವಳು ಒಲೆಯ ಕಡೆ ತಿರುಗಿದ್ದಳು.

ಈಗ ಅವನಿಗೆ ಅರ್ಥವಾಯಿತು. ಕಪ್ಪಿನಿಂದ ಬೆಳಕೇ ವಾಪಸು ಬರುವುದಿಲ್ಲ, ಅದು ಯಾವ ಬಣ್ಣದ ಜೊತೆಗೂ ಜಗಳಕ್ಕೆ ಹೋಗುವುದಿಲ್ಲ. ಬೀರುವಿನಲ್ಲಿರುವ ಅಷ್ಟೂ ಬ್ಲೌಸುಗಳು ಅವಳ ಕಣ್ಣಿಗೆ ಈಗ ಸೇರುತ್ತಿಲ್ಲ, ಅದನ್ನು ಅವಳು ತನಗೆ ಹೇಳಿಲ್ಲ. ಅವನಿಗೆ ಬಂದದ್ದು ಸಿಟ್ಟೋ ನಾಚಿಕೆಯೋ ದುಃಖವೋ ಅವನಿಗೇ ಗೊತ್ತಾಗಲಿಲ್ಲ. ಮೂರೂ ಒಟ್ಟಿಗೆ ಬಂದಿರಬೇಕು.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೆಲಸಕ್ಕೆ ಕೂತ. ಮೂವತ್ತು ಜೋಡಿ ಪ್ರಾಮಾಣಿಕವಾಗಿಯೇ ಆರಿಸಿದ. ಒಂದೊಂದು ಚೂರನ್ನೂ ರೂಪಾಯಿ ನಾಣ್ಯದಷ್ಟು ಕತ್ತರಿಸಿ, ಬೂದು ರಟ್ಟಿಗೆ ಅಂಟಿಸಿ, ಹಿಂದೆ ನಂಬರು ಬರೆದ. ಬರೆದು ಮುಗಿಸಿದಾಗ ಕಣ್ಣ ಮುಂದೆ ಆ ಕೋಣೆ ಬಂತು: ಹನ್ನೆರಡು ಹೆಂಗಸರು ಸಾಲಾಗಿ ಬಂದು ಕೂತು, ಲಿಂಗರಾಜಣ್ಣನ ಬಣ್ಣಗಳನ್ನು ನೋಡಿ, ಒಂದಾದ ಮೇಲೊಂದು 'ಸೇರಲ್ಲ, ಸೇರಲ್ಲ' ಎನ್ನುತ್ತಾರೆ. ನರ್ಸೊಬ್ಬಳು ಅದನ್ನು ಬರೆದುಕೊಳ್ಳುತ್ತಾಳೆ. ಎಲ್ಲರಿಗಿಂತ ಮೊದಲು ಹಾಗೆನ್ನುವವಳು ತನ್ನ ಹೆಂಡತಿ.

ಡಾಕ್ಟರು ಅಷ್ಟು ಬಿಡಿಸಿ ಹೇಳಿದ್ದೆಲ್ಲ ಅವನ ತಲೆಯಲ್ಲಿ ಇತ್ತು. ಆದರೆ ತಲೆಯಲ್ಲಿದ್ದದ್ದು ಕೈಗೆ ಇಳಿಯಲಿಲ್ಲ. ಅವನು ಆ ಮೂವತ್ತು ಜೋಡಿಯನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಕಪಾಟಿನ ಮೇಲಿಟ್ಟ. ಆಮೇಲೆ ಮತ್ತೆ ಕತ್ತರಿ ತೆಗೆದುಕೊಂಡ. ಈ ಸಲ ಒಂದೇ ಥಾನಿನಿಂದ ಎರಡೆರಡು ಚೂರು ಕತ್ತರಿಸಿ ಅಂಟಿಸಿದ. ಒಂದೇ ಥಾನು, ಒಂದೇ ಬಣ್ಣ, ಒಂದೇ ಬೆಳಕು. ನಾಲ್ಕಲ್ಲ, ನಲವತ್ತು ಸಾಕ್ಷಿ ಬಂದರೂ ಬೇರೆ ಎನ್ನಲಾಗದ ಮ್ಯಾಚಿಂಗ್. ಮ್ಯಾಚಿಂಗಿನವನ ಬುದ್ಧಿಗೆ ಅದೇ ದೊಡ್ಡ ಉಪಾಯವಾಗಿ ಕಂಡಿತು.

ಪರೀಕ್ಷೆ ಎರಡು ದಿನ ನಡೆಯಿತು. ಬೂದು ಹಲಗೆಯಲ್ಲಿ ಅಕ್ಕಪಕ್ಕ ಎರಡು ತೂತು, ಹಿಂದೆ ರಟ್ಟುಗಳು, ಮೇಲೆ ಒಂದು ದೀಪ. ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಲಿಂಗರಾಜು ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ. ವನಜಾಕ್ಷಿಯ ದನಿ ತಗ್ಗಿತ್ತು. "ಒಂದೇ. ಒಂದೇ. ಇದೂ ಒಂದೇ." ಅನಸೂಯಮ್ಮ ಹೊರಬಂದವರು ಅವನನ್ನು ನೋಡಿ, "ನನ್ನ ಬಾಯಿಗೆ ಮಣ್ಣು ಹಾಕ ಲಿಂಗರಾಜು, ಅವತ್ತು ಸುಮ್ಮನೆ ನಿನ್ನ ಮನಸ್ಸು ನೋಯಿಸಿದೆ," ಎಂದರು. ಅವತ್ತು ಅವನು ಮನೆಗೆ ಅರ್ಧ ಕಿಲೋ ಮೈಸೂರು ಪಾಕ್ ಒಯ್ದ. ಗೆದ್ದೆ ಎನ್ನುವ ಸುಖ ಅವನಿಗೆ ಪೂರ್ತಿ ಒಂದು ದಿನವೂ ದಕ್ಕಲಿಲ್ಲ.

ಬುಧವಾರ ಡಾಕ್ಟರು ಗಂಡಹೆಂಡಿರನ್ನು ಕರೆಸಿದರು. ಅವರ ಮೇಜಿನ ಮೇಲೆ ಕಾಗದ ಹರಡಿತ್ತು, ಅವರೂ ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

"ಹನ್ನೆರಡು ಜನಕ್ಕೂ ಒಂದೇ ಫಲಿತಾಂಶ," ಎಂದರು. "ಮೊನ್ನೆ ಮೊನ್ನೆವರೆಗೂ ಇವರೇ ಬಣ್ಣ ಸೇರಲ್ಲ ಅಂತಿದ್ರು. ಈಗ ಒಬ್ಬರಿಗೂ ವ್ಯತ್ಯಾಸ ಕಾಣ್ತಿಲ್ಲ. ಇದಕ್ಕೆ ನನಗೆ ತಿಳಿದಿರೋ ಅರ್ಥ ಒಂದೇ. ಹೊಸ ವಸ್ತು ಪಡೆದ ಕೋಶಗಳು ನಂದಿಹೋಗ್ತಿವೆ."

"ಹಂಗಂದ್ರೆ?" ಎಂದಳು ವನಜಾಕ್ಷಿ.

"ಹೀಗೇ ಬಿಟ್ರೆ ಮತ್ತೆ ಆ ಹೊಗೆ ಬರುತ್ತಮ್ಮ. ಇನ್ನೊಂದು ಸೂಜಿ ಕೊಡಬೇಕು. ಆದರೆ ಒಂದು ಮಾತು ಮುಚ್ಚಿಡದೆ ಹೇಳ್ತೀನಿ. ಮೊದಲ ಸಲ ನಿಮ್ಮ ದೇಹಕ್ಕೆ ಆ ವೈರಸ್ಸಿನ ಗುರುತಿರಲಿಲ್ಲ. ಎರಡನೇ ಸಲ ಗುರುತು ಹಿಡಿದು ತಿರುಗಿ ಬೀಳಬಹುದು. ನೂರಕ್ಕೆ ಆರು ಜನಕ್ಕೆ ಕಣ್ಣೇ ಹೋಗೋ ಸಂಭವ ಇದೆ. ನಾಳೆ ಬೆಳಿಗ್ಗೆ ನಿಮ್ಮಿಂದ ಶುರು ಮಾಡೋಣ ಅಂತಿದೀನಿ. ತಡ ಮಾಡೋ ಹಾಗಿಲ್ಲ."

ಲಿಂಗರಾಜು ಮುಂದಕ್ಕೆ ಬಗ್ಗಿದ. ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಡಾಕ್ಟರು, "ಜೋಡಿಗಳ ಮೇಲೆ ಅನುಮಾನ ಪಡೋ ಹಾಗಿಲ್ಲ, ಅವು ಲಿಂಗರಾಜು ಅವರದ್ದು," ಎಂದರು. ತೆರೆದ ಬಾಯಿ ಮುಚ್ಚಿಕೊಂಡಿತು. ನಿಜಕ್ಕೂ ಕೋಶಗಳು ನಂದಿಹೋಗುತ್ತಿದ್ದರೆ? ಒಂದೇ ಥಾನಿನ ಚೂರು ಯಾರಿಗಾದರೂ ಒಂದೇ ಎಂದು ತಾನೇ ಕಾಣುವುದು? ಅದರಿಂದ ಕಣ್ಣು ಕೆಟ್ಟಿದೆಯೆಂದೂ ಹೇಳಲಾಗದು, ಸರಿಯಿದೆಯೆಂದೂ ಹೇಳಲಾಗದು. ತಾನು ಹಾಳು ಮಾಡಿದ್ದು ಏನನ್ನು ಎಂಬುದೇ ಅವನಿಗೆ ಸ್ಪಷ್ಟವಾಗಲಿಲ್ಲ. ತಲೆಯೊಳಗೆ ನೂಲಿನ ಗೋಜಲು ಬಿದ್ದಿತ್ತು, ತುದಿ ಸಿಗುತ್ತಿರಲಿಲ್ಲ.

ಸಂಜೆ ವನಜಾಕ್ಷಿ ಮುದ್ದೆ ಮುರಿದು ತಟ್ಟೆಗಿಟ್ಟು ತಾನೂ ಎದುರಿಗೆ ಕೂತಳು. ತುಂಬ ಹೊತ್ತು ಉಣ್ಣಲಿಲ್ಲ.

"ನಿಮಗೊಂದು ಹೇಳ್ಬೇಕು. ಬೇಜಾರು ಮಾಡ್ಕೋಬಾರದು."

"ಹೇಳು."

"ಸೂಜಿ ಹಾಕಿದ ಮೇಲೆ ನಂಗೆ ನಿಮ್ಮ ಬಣ್ಣ ಯಾವುದೂ ಸೇರ್ತಿರ್ಲಿಲ್ಲ. ಬೀರು ತೆಗೆದ್ರೆ ಸಾಕು, ಸೀರೆ ಬ್ಲೌಸು ಒಂದಕ್ಕೊಂದು ಮುಖ ತಿರುಗಿಸ್ಕೊಂಡು ಕೂತಿರೋ ಹಂಗೆ ಕಾಣೋದು. ಟಿವಿಲಿ ಮನುಷ್ಯರ ಮುಖ ಬಳಿದಂಗೆ ಕಾಣೋದು. ನಮ್ಮ ಮದುವೆ ಫೋಟೊ ನೋಡಿದ್ರೆ ಅದು ನಾವಲ್ಲ ಅನ್ಸೋದು. ನಿಮಗೆ ಹೆಂಗೆ ಹೇಳ್ಲಿ? ಅದಕ್ಕೇ ಕಪ್ಪು ಹಾಕ್ಕೊಂಡೆ." ಅವಳು ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಆಸ್ಪತ್ರೇಲಿ ನೋಡಿದ್ರೆ ಎಲ್ಲಾ ಸರಿಯಾಗೈತೆ. ಮನೆಗೆ ಬಂದು ಬೀರು ತೆಗೆದ್ರೆ ಮತ್ತೆ ಸೇರಲ್ಲ. ಡಾಕ್ಟ್ರಿಗೆ ಹೇಳ್ದೆ. ಅದು ಕಣ್ಣಲ್ಲಮ್ಮ, ನೆನಪು, ಮೆದುಳು ಹಳೇದನ್ನೇ ತೋರಿಸ್ತದೆ ಅಂದ್ರು. ನಂಗೆ ತಲೆ ಕೆಟ್ಟೈತಾ ಕಣ್ರೀ? ಯಾವುದನ್ನ ನಂಬ್ಲಿ ನಾನು?"

ಮೂವತ್ತೊಂದು ವರ್ಷದಲ್ಲಿ ಅವಳು ಅಷ್ಟು ಮಾತನ್ನು ಒಂದೇ ಉಸಿರಿಗೆ ಆಡಿರಲಿಲ್ಲ. ಲಿಂಗರಾಜುವಿನ ಕೈಯಲ್ಲಿದ್ದ ತುತ್ತು ಸಾರಿನಲ್ಲೇ ಉಳಿಯಿತು. ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ತಿವಿಯುತ್ತಿದ್ದರು. "ಊಟ ಮಾಡು, ಆರೋಗ್ತದೆ," ಎಂದಷ್ಟೇ ಅವನಿಂದ ಹೇಳಲಾಯಿತು. ಹೇಡಿತನ ಎನ್ನುವುದು ದೊಡ್ಡ ದೊಡ್ಡ ಸಂದರ್ಭಗಳಲ್ಲಿ ಬರುವುದೆಂದು ಜನ ತಿಳಿದಿದ್ದಾರೆ. ಅದು ಹೀಗೆ ಊಟದ ತಟ್ಟೆಯ ಮುಂದೆಯೂ ಬಂದು ಕೂರುತ್ತದೆ.

ಗುರುವಾರ ಬೆಳಿಗ್ಗೆ ಎಂಟಕ್ಕೇ ಆಸ್ಪತ್ರೆ ಮುಟ್ಟಿದರು. ನರ್ಸು ವನಜಾಕ್ಷಿಗೆ ಹಸಿರು ಗೌನು ತೊಡಿಸಿ, ತಾಳಿ ಬಳೆ ಬಿಚ್ಚಿಸಿ ಲಿಂಗರಾಜುವಿನ ಕೈಗೆ ಕೊಟ್ಟಳು. ಕಣ್ಣಿಗೆ ಹನಿ ಹಾಕಲು ಬಾಟಲಿಯ ಮುಚ್ಚಳ ತೆಗೆಯುತ್ತಿದ್ದಳು. ವನಜಾಕ್ಷಿ ಅವನ ಕಡೆ ತಿರುಗಿ ಸುಮ್ಮನೆ ನೋಡತೊಡಗಿದಳು. ಹಣೆಯಿಂದ ಗಲ್ಲದವರೆಗೆ, ನಿಧಾನವಾಗಿ.

"ಏನು ನೋಡ್ತೀಯ?"

"ನಿಮ್ಮ ಮುಖ. ನೂರಕ್ಕೆ ಆರು ಅಂದ್ರಲ್ಲ."

ಅಷ್ಟೇ ಸಾಕಾಯಿತು. ಅವನು ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನರ್ಸಿನ ಕೈಗೆ ಅಡ್ಡ ಬಂದ. "ಹಾಕ್ಬೇಡಿ ಸಿಸ್ಟರ್. ಡಾಕ್ಟ್ರಮ್ಮನ್ನ ಕರೀರಿ."

ಡಾ. ಶಾಹೀನ್ ಕೈಗವಸು ಹಾಕಿಕೊಂಡೇ ಓಡಿಬಂದರು. ಲಿಂಗರಾಜು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಥಾನು, ಕತ್ತರಿ, ರಟ್ಟು, ಬಿಸ್ಕತ್ತಿನ ಡಬ್ಬ.

"ಯಾಕೆ ಹೀಗೆ ಮಾಡಿದ್ರಿ?" ಎಂದರು ಡಾಕ್ಟರು. ದನಿ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಮರ್ಯಾದೆ ಹೋಗ್ತದೆ ಅಂತ ಮೇಡಂ."

"ಹನ್ನೆರಡು ಜನರ ಕಣ್ಣು ಲಿಂಗರಾಜು ಅವರೇ. ಇವತ್ತು ಆರು ಜನಕ್ಕೆ ಸೂಜಿ ಇತ್ತು." ಅವರು ಕೈಗವಸು ಬಿಚ್ಚಿ ಬುಟ್ಟಿಗೆಸೆದರು. ಕುರ್ಚಿಯ ಮೇಲೆ ಕೂತು ಹಣೆ ಒತ್ತಿಕೊಂಡರು. "ನನ್ನದೂ ತಪ್ಪಿದೆ. ಮೊದಲ ಐದನ್ನ ಅಳೆದು ನೋಡಿದೆ, ಆಮೇಲಿನ ಮೂವತ್ತನ್ನ ನಿಮ್ಮ ಹೆಸರು ನೋಡಿ ನಂಬಿದೆ. ಹೋಗಿ, ಆ ಡಬ್ಬ ತನ್ನಿ. ಈ ಸಲ ಅಳೆಯದೆ ತೋರಿಸಲ್ಲ."

ಲಿಂಗರಾಜು ವನಜಾಕ್ಷಿಗೆ ತಾಳಿ ವಾಪಸು ಕೊಡಲು ಕೈ ಚಾಚಿದ. ಅವಳು ತೆಗೆದುಕೊಂಡು ಕುತ್ತಿಗೆಗೆ ಹಾಕಿಕೊಂಡಳು, ಅವನ ಮುಖ ನೋಡಲಿಲ್ಲ. ಅವನು ಆಟೋದಲ್ಲಿ ಹೋಗಿ ಬರುವಷ್ಟು ಹೊತ್ತೂ ಹೊಸದೊಂದು ಭಯ ತಿನ್ನುತ್ತಿತ್ತು. ಈ ನಿಜವಾದ ಜೋಡಿಗಳನ್ನು ನೋಡಿಯೂ ಅವಳು 'ಒಂದೇ' ಎಂದುಬಿಟ್ಟರೆ? ಆಗ ಕಣ್ಣು ಹೋಗುತ್ತಿರುವುದು ಖಂಡಿತವಾಗುತ್ತದೆ. ತನ್ನ ಕೈಕೆಲಸ ಸೋಲಲೆಂದು ಮನುಷ್ಯ ದೇವರಲ್ಲಿ ಬೇಡಿಕೊಳ್ಳುವ ಸಂದರ್ಭ ಬರುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅರುವತ್ತು ರಟ್ಟುಗಳೂ ಒಂದೊಂದಾಗಿ ಯಂತ್ರದೊಳಗೆ ಹೋಗಿ ಬಂದವು. ಪ್ರತಿ ಜೋಡಿಗೂ ಕಾಗದದ ಮೇಲೆ ಎರಡು ಗೆರೆ ಮೂಡಿತು, ಬೇರೆ ಬೇರೆ ಬೆಟ್ಟಗಳಂತೆ ಏರಿ ಇಳಿಯುವ ಗೆರೆಗಳು. "ನೋಡಿ, ಬೆಳಕು ಎಷ್ಟು ಬೇರೆ ಇದೆ," ಎಂದರು ಡಾಕ್ಟರು. ಲಿಂಗರಾಜು ಗೆರೆ ನೋಡಿದ, ಬಟ್ಟೆ ನೋಡಿದ. ಗೆರೆ ಎರಡು, ಬಣ್ಣ ಒಂದು. ಈ ಸಲ ಡಾಕ್ಟರು ಅವನನ್ನು ಹೊರಗೆ ಕಳಿಸಲಿಲ್ಲ. ಗೋಡೆಯ ಪಕ್ಕ ಹಾಕಿದ್ದ ಸ್ಟೂಲು ತೋರಿಸಿದರು.

ವನಜಾಕ್ಷಿ ಹಲಗೆಯ ಮುಂದೆ ಕೂತಳು. ಮೊದಲ ಜೋಡಿ ದಾಳಿಂಬೆ ಕೆಂಪು. ಅವಳು ಬಗ್ಗಿ ನೋಡಿದಳು, ಹಿಂದಕ್ಕೆ ಸರಿದಳು, ಮತ್ತೆ ನೋಡಿದಳು.

"ಸೇರಲ್ಲ," ಎಂದಳು.

ಎರಡನೆಯದು ಪಾಚಿ ಹಸಿರು. "ಸೇರಲ್ಲ." ಮೂರನೆಯದು ಬದನೆಕಾಯಿ ಬಣ್ಣ. "ಇದಂತೂ ಏನೂ ಸೇರಲ್ಲ ಡಾಕ್ಟ್ರೇ."

ಹತ್ತಾಯಿತು, ಹದಿನೈದಾಯಿತು. ಒಂದೊಂದು 'ಸೇರಲ್ಲ'ವೂ ಅವನ ಮೂವತ್ತೆರಡು ವರ್ಷದ ಒಂದೊಂದು ಇಟ್ಟಿಗೆ ಕಿತ್ತುಹಾಕುತ್ತಿತ್ತು, ಅವನ ಎದೆ ಮಾತ್ರ ಹಗುರವಾಗುತ್ತಿತ್ತು. ಕಣ್ಣಿದೆ ಇವಳಿಗೆ. ಕಣ್ಣು ಉಳಿದಿದೆ. ಇಪ್ಪತ್ತು ದಾಟುವಷ್ಟರಲ್ಲಿ ಅವನ ಕಣ್ಣಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳುವುದೂ ನೆನಪಾಗಲಿಲ್ಲ. ಇಪ್ಪತ್ತೊಂಬತ್ತನೆಯದಕ್ಕೂ 'ಸೇರಲ್ಲ' ಎಂದ ವನಜಾಕ್ಷಿ ಬೆನ್ನು ನೆಟ್ಟಗೆ ಮಾಡಲು ತಿರುಗಿದವಳು ಗಂಡನ ಮುಖ ಕಂಡಳು.

ಮೂವತ್ತನೆಯ ಜೋಡಿ ಬಂತು. ಸಾಸಿವೆ ಹೂವಿನ ಹಳದಿ. ಅವಳು ಸರಿಯಾಗಿ ಬಗ್ಗಿ ಕೂಡ ನೋಡಲಿಲ್ಲ.

"ಇದು ಸೇರುತ್ತೆ," ಎಂದಳು.

ಡಾಕ್ಟರು ತಲೆ ಎತ್ತದೆ ಗುರುತು ಹಾಕಿದರು. "ಇಪ್ಪತ್ತೊಂಬತ್ತು ಸಾಕು, ಬೇಕಾದಷ್ಟಾಯ್ತು. ನಿಮ್ಮ ಕಣ್ಣು ಚೆನ್ನಾಗಿದೆ ವನಜಾಕ್ಷಮ್ಮ. ಸೂಜಿ ಬೇಡ."

ಅಲ್ಲಿಗೆ ಎಲ್ಲವೂ ಮುಗಿದಂತೆಯೇ. ಆದರೆ ಲಿಂಗರಾಜು ಸ್ಟೂಲಿನಿಂದ ಎದ್ದ. 'ಸೇರುತ್ತೆ' ಎಂದ ಆ ದನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೆಂಟರ ಮನೆಯಲ್ಲಿ ಉಪ್ಪಿಲ್ಲದ ಪಲ್ಯವನ್ನು 'ಚೆನ್ನಾಗೈತೆ' ಎನ್ನುವಾಗ ಅವಳ ದನಿ ಹಾಗೆಯೇ ಇರುತ್ತಿತ್ತು.

"ವನಜ, ಸರಿಯಾಗಿ ನೋಡಿ ಹೇಳು."

"ನೋಡೇ ಹೇಳಿದ್ದು."

"ನಾನು ಅತ್ತಿದ್ದು ಬೇಜಾರಿಗಲ್ಲ. ನಿನ್ನ ಕಣ್ಣು ಉಳೀತಲ್ಲ ಅಂತ." ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. "ನಾನೊಂದು ಸಲ ಸುಳ್ಳು ಹೇಳಿ ಆಗಿದ್ದು ಸಾಕು. ನೀನು ಹೇಳ್ಬೇಡ."

ವನಜಾಕ್ಷಿ ಬಗ್ಗಿ ಆ ಎರಡು ತೂತುಗಳನ್ನು ಬಹಳ ಹೊತ್ತು ನೋಡಿದಳು.

"ಸೇರಲ್ಲ ಕಣ್ರೀ," ಎಂದಳು ತಲೆ ಎತ್ತಿ, ಮೆಲ್ಲಗೆ. ಗಂಡನ ಮುಖ ನೋಡಿ ಆ ಮಾತು ಹೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಲಿಂಗರಾಜು ಹಲಗೆಯ ಹಿಂದಿನಿಂದ ಎರಡೂ ರಟ್ಟುಗಳನ್ನು ತೆಗೆದುಕೊಂಡ. ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ದಿಟ್ಟಿಸಿದ. ಒಂದೇ ಹಳದಿ. ಹುಡುಕಿದರೂ ಕೂದಲೆಳೆಯಷ್ಟು ಬೇರೆಯಿಲ್ಲ. ಅವಳು ಇರುವ ಕಡೆಗೆ ತಾನು ಎಂದೂ ಹೋಗಲಾರೆ ಎಂದು ಅವನಿಗೆ ಅನಿಸಿತು.

"ಹೆಂಗೆ ಬೇರೆ ಐತೆ ಹೇಳು. ನಂಗೆ ಕಾಣಲ್ಲ."

"ಹೆಂಗೆ ಹೇಳ್ಲಿ," ಎಂದು ಅವಳು ಅವನ ಅಂಗೈ ನೋಡಿದಳು. "ಒಂದೇ ಪಾತ್ರೇಲಿ ಮಾಡಿದ ಸಾರು ಎರಡು ಬಟ್ಟಲಿಗೆ ಹಾಕಿ, ಒಂದಕ್ಕೆ ಮಾತ್ರ ಚೂರು ಬೆಲ್ಲ ಹಾಕಿದ್ರೆ? ನೋಡಕ್ಕೆ ಎರಡೂ ಒಂದೇ. ಹಂಗೆ."

"ಯಾವುದು ಬೆಲ್ಲದ್ದು?"

ವನಜಾಕ್ಷಿ ಎಡಗಡೆಯ ಚೂರಿನ ಮೇಲೆ ಬೆರಳಿಟ್ಟಳು. ಅವನು ಅದನ್ನು ಕಣ್ಣಿನ ಹತ್ತಿರಕ್ಕೆ ತಂದು ಮತ್ತೊಮ್ಮೆ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಆದರೂ ಜೇಬಿನಿಂದ ಪೆನ್ನು ತೆಗೆದು, ಅದರ ಬೆನ್ನಿನ ಮೇಲೆ 'ಬೆಲ್ಲ' ಎಂದು ಬರೆದುಕೊಂಡು, ಡಬ್ಬದಿಂದ ಇಪ್ಪತ್ತೊಂಬತ್ತನೆಯ ಜೋಡಿಯನ್ನು ತೆಗೆದು ಅವಳ ಮುಂದೆ ಹಿಡಿದ.

"ಇದರಲ್ಲಿ?" ಎಂದ.